ಹದಿನೆಂಟು ತುಂಬಿದ ಮರುದಿನ

ಬೈಂದೂರಿನ ಕಡೆಯ ತಾಯಿಯೊಬ್ಬರು ಬರೆದ ಕಾಗದ ಮೂರು ದಿನಗಳಿಂದ ನನ್ನ ಮೇಜಿನ ಮೇಲಿದೆ. ಅವರ ಮಾಣಿಗೆ ಬುದ್ಧಿಯ ಬೆಳವಣಿಗೆ ನಿಧಾನ. ವಿಶೇಷ ಶಾಲೆಗೆ ಹೋಗುತ್ತಿದ್ದಾನೆ. ಬರುವ ಬೇಸಗೆಗೆ ಹದಿನೆಂಟು ತುಂಬುವುದಂತೆ. ಆ ಬಳಿಕ ಮನೆಯ ಜಗಲಿಯೇ ಅವನಿಗೆ ಗತಿಯೇ ಎಂದು ಕೇಳಿದ್ದಾರೆ.

ಕಾಯಿದೆಯೇನೋ ಇದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ, ಶೇಕಡಾ ೪೦ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಕ್ಕಳಿಗೆ ೬ರಿಂದ ೧೮ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕುಂಟು. ಸರಕಾರಿ ಹುದ್ದೆಗಳಲ್ಲಿ ಶೇಕಡಾ ೪ ಮೀಸಲು. ಈ ಮಾಣಿಯಂಥವರಿಗೂ ಅದರಲ್ಲಿ ಪಾಲಿದೆ. ಆದರೆ ಹದಿನೆಂಟು ತುಂಬಿದ ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂಬುದನ್ನು ಯಾವ ಕಾಯಿದೆಯೂ ಹೇಳದು.

ಇಂಥ ಮಕ್ಕಳು ಕೆಲಸ ಕಳೆದುಕೊಳ್ಳುವುದು ಬಹುಮಟ್ಟಿಗೆ ಕೈ ಬಾರದೆ ಅಲ್ಲ. ಹೊತ್ತಿಗೆ ಬರಲಿಲ್ಲ, ಕೊಟ್ಟ ಕೆಲಸ ಮುಗಿದಾಗ ಮುಂದೇನೆಂದು ಕೇಳದೆ ಸುಮ್ಮನೆ ನಿಂತ, ಯಜಮಾನರು ಗದರಿದೊಡನೆ ಅತ್ತು ಮನೆಗೆ ನಡೆದ — ಇಂಥವೇ ಕಾರಣಗಳು. ಇವನ್ನು ಕಲಿಸುವ ಪಾಠಶಾಲೆ ಬಸ್ಸು. ಹದಿನಾಲ್ಕರಲ್ಲೇ ಆರಂಭಿಸಬೇಕು. ಕೆಲವು ವಾರ ತಾಯಿ ಪಕ್ಕದಲ್ಲಿ ಕುಳಿತಿರಲಿ. ಬಳಿಕ ಎರಡು ಸಾಲು ಹಿಂದೆ. ಆಮೇಲೆ ಇಳಿಯುವ ನಿಲ್ದಾಣದಲ್ಲಿ ಕಾಯುತ್ತ ನಿಂತಿರಲಿ. ಕುಂದಾಪುರದ ಬಸ್ಸಾವುದು, ಬ್ರಹ್ಮಾವರದಲ್ಲಿ ನಿಲ್ಲದೆ ಹೋಗುವ ಬಸ್ಸಾವುದು ಎಂಬುದು ಹುಡುಗನಿಗೆ ತಿಳಿಯಬೇಕು. ತಿಳಿಯದಿದ್ದರೆ ನಿರ್ವಾಹಕನನ್ನು ಕೇಳುವ ಧೈರ್ಯ ಬರಬೇಕು. ಒಮ್ಮೆ ತಪ್ಪು ಬಸ್ಸು ಹತ್ತಿದರೂ ಬಾಧಕವಿಲ್ಲ. ತಿರುಗಿ ಬರಲು ಕಲಿತಾನು.

ಇನ್ನು ಕೆಲಸ. ಮೇಣದಬತ್ತಿ, ಕಾಗದದ ಚೀಲ — ವಿಶೇಷ ಶಾಲೆಯೆಂದರೆ ಇವೆರಡೇ ಎಂಬಂತಾಗಿದೆ. ಕೈ ಪಳಗಲು ಅವು ಸರಿ; ಹೊಟ್ಟೆ ಹೊರೆಯಲು ಸಾಲವು. ನಮ್ಮ ಮೂರು ತಾಲೂಕುಗಳಲ್ಲಿಯೂ ಗೇರುಬೀಜದ ಕಾರ್ಖಾನೆಗಳಿವೆ. ಬೀಜ ಒಡೆಯುವ ಕೆಲಸ ಬೇಡ, ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ತಿರುಳು ವಿಂಗಡಿಸುವ ಮೇಜನ್ನು ನೋಡಿ. ಪೌಂಡಿಗೆ ೨೪೦, ೩೨೦ ಎಂದು ಗಾತ್ರದ ದರ್ಜೆ ಕಟ್ಟುವುದು ಅನುಭವಸ್ಥರ ಕಣ್ಣಿಗೇ ಇರಲಿ. ಇಡಿಯದು, ಸೀಳು, ಚೂರು ಎಂದು ಬೇರ್ಪಡಿಸುವುದು, ಒಂದೇ ಬಗೆಯ ಕೆಲಸಕ್ಕೆ ಬೇಸರಿಸದ ಹುಡುಗನಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದನ್ನು ಶಾಲೆಯ ಮೇಜಿನ ಮೇಲೆ ಕಲಿಸಿ ಕಳುಹಿಸಿದರಾಗದು. ಮೇಜು ಬದಲಾದರೆ ಕಲಿತದ್ದೇ ಈ ಮಕ್ಕಳಲ್ಲಿ ಅನೇಕರಿಗೆ ಹೊಸದಾಗಿಬಿಡುತ್ತದೆ. ಶಾಲೆಯ ಕೊನೆಯ ವರ್ಷದಲ್ಲಿ ಗುರುಗಳೇ ಕಾರ್ಖಾನೆಗೆ ಬಂದು, ಪಕ್ಕದಲ್ಲಿ ಕುಳಿತು, ಕ್ರಮೇಣ ದೂರ ಸರಿಯಬೇಕು.

ಜನ, ಮಾತು ಬೇಕೆನ್ನುವ ಹುಡುಗನಾದರೆ ಅಲ್ಲಿಂದ ಮೂರೇ ದಿನಕ್ಕೆ ಓಡಿಬಂದಾನು. ಅವನಿಗೆ ಹೋಟೆಲು ಒಪ್ಪೀತು. ಬೆಂಗಳೂರು, ಮುಂಬಯಿಗಳಿಗೆ ಹೋಗಿ ಹೋಟೆಲು ಕಟ್ಟಿದವರ ಸೀಮೆ ನಮ್ಮದು. ಆದರೂ ಈ ವಿಷಯದಲ್ಲಿ ದಾರಿ ತೋರಿದ್ದು ಹುಬ್ಬಳ್ಳಿ. ೨೦೧೭ರಲ್ಲಿ ಅಲೀನಾ ಆಲಂ ಎಂಬ ತರುಣಿ ಅಲ್ಲಿಯ ಕಾಲೇಜೊಂದರ ಆವರಣದಲ್ಲಿ ಮಿಟ್ಟಿ ಕೆಫೆ ತೆರೆದು ವಿಕಲಚೇತನರ ಕೈಗೇ ಕೆಲಸ ವಹಿಸಿದರು. ೨೦೨೩ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲಿಯೂ ಅದರ ಶಾಖೆ ತೆರೆಯಿತು. ನ್ಯಾಯಾಲಯದ ಮಂದಿ ಕುಡಿಯುವ ಚಹಾ ನಮ್ಮೂರಿನವರ ಗಂಟಲಲ್ಲಿ ಇಳಿಯದೆ?

ಯಜಮಾನರಿಗೊಂದು ಮಾತು. ಕನಿಕರದಿಂದ ಕರೆದು ಅರ್ಧ ಕೂಲಿ ಕೊಡಬೇಡಿ. ಮಾಡಿದ ಕೆಲಸಕ್ಕೆ ಸಲ್ಲುವಷ್ಟನ್ನು ಅವನ ಹೆಸರಿನ ಬ್ಯಾಂಕು ಖಾತೆಗೇ ಹಾಕಿ.

ತಾಯಿ, ಬೇಸಗೆಗೆ ಇನ್ನೂ ಕೆಲವು ತಿಂಗಳಿವೆ. ಹದಿನಾಲ್ಕರಲ್ಲಿ ಆಗದ್ದನ್ನು ಈಗ ಆರಂಭಿಸಿದರೂ ನಷ್ಟವಿಲ್ಲ. ನಾಳೆ ಟಿಕೇಟಿನ ಚಿಲ್ಲರೆಯನ್ನು ಅವನ ಕೈಗೇ ಕೊಡಿ. ನೀವು ಎರಡು ಸಾಲು ಹಿಂದೆ ಕುಳಿತುಕೊಳ್ಳಿ. ನಿರ್ವಾಹಕ ಬಂದು ಎಲ್ಲಿಗೆಂದು ಕೇಳಿದಾಗ, ಅವನು ಎಷ್ಟೇ ತಡಮಾಡಲಿ, ದಯವಿಟ್ಟು ನೀವು ಉತ್ತರ ಹೇಳಬೇಡಿ.