ಲ್ಯಾರಿ ಹೋಮ್ಸ್ ಸೋಲಿಸಿದ್ದು ಯಾರನ್ನ?

ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಮುಗಿದ ಮೇಲೆ ನಮ್ಮ ರೂಮಿನಲ್ಲಿ ಒಂದು ಜಗಳ ಇದ್ದೇ ಇರುತ್ತದೆ. ಹೆಚ್ಚಾಗಿ ಕ್ರಿಕೆಟ್ಟು, ಕೆಲವೊಮ್ಮೆ ಸಿನಿಮಾ. ಕಳೆದ ರಜೆಯಲ್ಲಿ ನನಗೆ ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ನೋಡುವ ಹುಚ್ಚು ಹಿಡಿಯಿತು. ಅಂದಿನಿಂದ ಜಗಳದ ಪಟ್ಟಿಗೆ ಬಾಕ್ಸಿಂಗೂ ಸೇರಿದೆ. ಮೊನ್ನೆ ನಾನು, 'ಹೆವಿವೇಟ್ ಇತಿಹಾಸದ ಮೊದಲ ಐದು ಜನರಲ್ಲಿ ಲ್ಯಾರಿ ಹೋಮ್ಸ್ ಇರಲೇಬೇಕು' ಅಂದೆ. ರೂಮ್‌ಮೇಟ್ ನಕ್ಕುಬಿಟ್ಟ. 'ಅಲಿ ಹೊಡೆದಿದ್ದು ಫ್ರೇಜಿಯರ್‌ನ, ಫೋರ್‌ಮನ್‌ನ. ನಿನ್ನ ಹೋಮ್ಸ್ ಯಾರನ್ನೋ ಹೊಡೆದಿದ್ದು? ಹೆಸರು ಹೇಳು ನೋಡೋಣ' ಅಂದ. ನಾನು ಏಳೆಂಟು ಹೆಸರು ಹೇಳಿದೆ. ಅವನಿಗೆ ಒಂದೂ ಗೊತ್ತಿರಲಿಲ್ಲ. 'ನೋಡಿದ್ಯಾ? ಅಷ್ಟೇ' ಎಂದು ಹೊದಿಕೆ ಎಳೆದುಕೊಂಡು ಮಲಗಿದ.

ಇದು ನನ್ನ ಗೆಳೆಯನೊಬ್ಬನ ಮಾತಲ್ಲ. ಹೋಮ್ಸ್ ಚಾಂಪಿಯನ್ ಆಗಿದ್ದ ಕಾಲದಿಂದಲೂ ಅವನ ಮೇಲೆ ಹೊರಿಸುತ್ತ ಬಂದಿರುವ ಆರೋಪ ಇದೇ: ಒಳ್ಳೆಯ ಬಾಕ್ಸರ್, ಆದರೆ ಎದುರಾಳಿಗಳು ಗಟ್ಟಿ ಇರಲಿಲ್ಲ. ಅಂದು ರಾತ್ರಿ ನನಗೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋಮ್ಸ್ ಯಾರೆಂದು ಹೇಳಬೇಕು. 1949ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಿನಲ್ಲಿ ಬೆಳೆದವನು. ಏಳನೇ ತರಗತಿಗೇ ಶಾಲೆ ಬಿಟ್ಟು ಕಾರು ತೊಳೆಯುವ ಕೆಲಸಕ್ಕೆ ಸೇರಿದ. ಬಾಕ್ಸಿಂಗ್‌ಗೆ ಬಂದ ಮೇಲೂ ಹಲವು ವರ್ಷ ಅವನ ಗುರುತು ಮುಹಮ್ಮದ್ ಅಲಿಯ ಸ್ಪಾರಿಂಗ್ ಜೊತೆಗಾರ ಎಂಬುದಷ್ಟೇ. ಅಂದರೆ, ದೊಡ್ಡ ಪಂದ್ಯಕ್ಕೆ ಮುಂಚೆ ಅಲಿಯ ಅಭ್ಯಾಸಕ್ಕಾಗಿ ಗುದ್ದು ತಿನ್ನುವವನು. 1978ರ ಜೂನ್ 9ರಂದು ಲಾಸ್ ವೇಗಸ್‌ನಲ್ಲಿ ಕೆನ್ ನಾರ್ಟನ್‌ನನ್ನು ಸೋಲಿಸಿ ಡಬ್ಲ್ಯುಬಿಸಿ ಹೆವಿವೇಟ್ ಪಟ್ಟ ಗೆದ್ದ. ಮುಂದೆ 1985ರವರೆಗೆ ಸತತ 20 ಬಾರಿ ಪಟ್ಟ ಉಳಿಸಿಕೊಂಡ. ಹೆವಿವೇಟ್‌ನಲ್ಲಿ ಇದಕ್ಕಿಂತ ದೊಡ್ಡ ಸರಣಿ ಇರುವುದು ಜೋ ಲೂಯಿಯದು ಮಾತ್ರ, 25. ಆಡಿದ ಮೊದಲ 48 ಪಂದ್ಯಗಳಲ್ಲಿ ಹೋಮ್ಸ್ ಒಂದನ್ನೂ ಸೋಲಲಿಲ್ಲ.

ಹಾಗಾದರೆ ಅವನ ಎದುರಾಳಿಗಳು ನಿಜಕ್ಕೂ ದುರ್ಬಲರೇ? ನಾವು ಎಂಜಿನಿಯರಿಂಗ್‌ನವರು ಲ್ಯಾಬಿನಲ್ಲಿ ಒಂದು ಪಾಠ ಕಲಿಯುತ್ತೇವೆ. ಒಂದು ರೀಡಿಂಗ್ ಸರಿ ಇದೆಯೇ ಎಂದು ನೋಡಲು ಅದೇ ಮೀಟರನ್ನು ಮತ್ತೆ ನಂಬಿದರೆ ಆಗದು, ಬೇರೊಂದು ಮೀಟರ್ ಬೇಕು. ಹೋಮ್ಸ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. 'ಅವನು ದುರ್ಬಲ ಎಂದು ಹೇಗೆ ಗೊತ್ತು?' 'ಹೋಮ್ಸ್ ಕೈಲಿ ಸೋತನಲ್ಲ!' 'ಹೋಮ್ಸ್ ದೊಡ್ಡವನಲ್ಲ ಎಂದು ಹೇಗೆ ಗೊತ್ತು?' 'ದುರ್ಬಲರನ್ನೇ ಸೋಲಿಸಿದನಲ್ಲ!' ಹೀಗೆ ಸುತ್ತುತ್ತಾ ಇದ್ದರೆ ಯಾವ ಚಾಂಪಿಯನ್ನೂ ಉಳಿಯುವುದಿಲ್ಲ. ಅವನ ಎದುರಾಳಿಗಳು ಅವನ ಮುಂದೆ ಏನಾದರು ಎಂಬುದನ್ನು ಬದಿಗಿಟ್ಟು, ಬೇರೆಯವರ ಮುಂದೆ ಏನು ಮಾಡಿದರು ಎಂದು ನೋಡಬೇಕು.

ಮೈಕ್ ವೀವರ್‌ನಿಂದ ಶುರು ಮಾಡೋಣ. 1979ರ ಜೂನ್‌ನಲ್ಲಿ ಅವನು ಹೋಮ್ಸ್ ಎದುರು ನಿಂತಾಗ ಅವನ ಖಾತೆಯಲ್ಲಿ ಆಗಲೇ 8 ಸೋಲುಗಳಿದ್ದವು. ಇದೊಂದು ಪಂದ್ಯವೇ ಎಂದು ಮೂಗು ಮುರಿದವರೇ ಹೆಚ್ಚು. ಆದರೆ ಅವನು ಹೋಮ್ಸ್‌ಗೆ ಬೆವರಿಳಿಸಿದ, 12ನೇ ಸುತ್ತಿನವರೆಗೂ ನಿಂತ. ಒಂಬತ್ತು ತಿಂಗಳ ನಂತರ, 1980ರ ಮಾರ್ಚ್‌ನಲ್ಲಿ, ಇದೇ ವೀವರ್ ಅಜೇಯನಾಗಿದ್ದ ಜಾನ್ ಟೇಟ್‌ನನ್ನು 15ನೇ ಸುತ್ತಿನಲ್ಲಿ ನಾಕ್‌ಔಟ್ ಮಾಡಿ ಡಬ್ಲ್ಯುಬಿಎ ಪಟ್ಟ ಗೆದ್ದ.

ಟ್ರೆವರ್ ಬರ್ಬಿಕ್ 1981ರಲ್ಲಿ ಹೋಮ್ಸ್‌ಗೆ ಅಂಕಗಳ ಮೇಲೆ ಸೋತವನು. 1986ರ ಮಾರ್ಚ್‌ನಲ್ಲಿ ಪಿಂಕ್ಲನ್ ಥಾಮಸ್‌ನನ್ನು ಸೋಲಿಸಿ ಡಬ್ಲ್ಯುಬಿಸಿ ಚಾಂಪಿಯನ್ ಆದ.

ಟಿಮ್ ವಿದರ್‌ಸ್ಪೂನ್ 1983ರ ಮೇ ತಿಂಗಳಲ್ಲಿ ಹೋಮ್ಸ್‌ಗೆ ಸವಾಲು ಹಾಕಿದಾಗ ವೃತ್ತಿಪರನಾಗಿ ಬರೀ 15 ಪಂದ್ಯ ಆಡಿದ್ದ ಹುಡುಗ. ತೀರ್ಪುಗಾರರು ಒಮ್ಮತಕ್ಕೆ ಬರಲಾಗದಷ್ಟು ಬಿಗಿಯಾದ ಪಂದ್ಯ ಅದು. ಆ ವರ್ಷದ ಕೊನೆಗೆ ಹೋಮ್ಸ್ ಡಬ್ಲ್ಯುಬಿಸಿ ಪಟ್ಟವನ್ನು ಬಿಟ್ಟುಕೊಟ್ಟ. 1984ರ ಮಾರ್ಚ್‌ನಲ್ಲಿ ಆ ಖಾಲಿ ಪಟ್ಟವನ್ನು ಗೆದ್ದವನು ಇದೇ ವಿದರ್‌ಸ್ಪೂನ್. 1986ರಲ್ಲಿ ಡಬ್ಲ್ಯುಬಿಎ ಪಟ್ಟವನ್ನೂ ಗೆದ್ದ.

ಜೇಮ್ಸ್ ಸ್ಮಿತ್‌ಗೆ 'ಬೋನ್‌ಕ್ರಷರ್', ಅಂದರೆ ಮೂಳೆ ಪುಡಿ ಮಾಡುವವನು ಎಂಬ ಅಡ್ಡಹೆಸರಿತ್ತು. 1984ರ ನವೆಂಬರ್‌ನಲ್ಲಿ ಹೋಮ್ಸ್ ಅವನನ್ನು 12ನೇ ಸುತ್ತಿನಲ್ಲಿ ಸೋಲಿಸಿದ. 1986ರ ಡಿಸೆಂಬರ್‌ನಲ್ಲಿ ಸ್ಮಿತ್ ಮೊದಲ ಸುತ್ತಿನಲ್ಲೇ ವಿದರ್‌ಸ್ಪೂನ್‌ನನ್ನು ಕೆಡವಿ ಡಬ್ಲ್ಯುಬಿಎ ಚಾಂಪಿಯನ್ ಆದ.

ಲೆಕ್ಕ ಹಾಕಿ. ಪಟ್ಟಕ್ಕಾಗಿ ಹೋಮ್ಸ್ ಜೊತೆ ಸೆಣಸಿ ಸೋತವರಲ್ಲಿ ನಾಲ್ವರು ಆಮೇಲೆ ತಾವೇ ವಿಶ್ವ ಚಾಂಪಿಯನ್ ಆದರು. ಇವರು 'ಯಾರೋ ನಾಲ್ಕು ಜನ' ಆಗಿದ್ದರೆ ಇದು ಹೇಗೆ ಸಾಧ್ಯ?

ಇನ್ನೊಂದು ವಿಷಯವಿದೆ. ನನ್ನ ರೂಮ್‌ಮೇಟ್‌ನ ಗೋಡೆಯ ಮೇಲಿರುವುದು ಮೈಕ್ ಟೈಸನ್ ಪೋಸ್ಟರ್. ಟೈಸನ್ 1986ರ ನವೆಂಬರ್‌ನಲ್ಲಿ, 20ನೇ ವಯಸ್ಸಿನಲ್ಲಿ, ಮೊದಲ ಪಟ್ಟ ಗೆದ್ದದ್ದು ಯಾರಿಂದ? ಬರ್ಬಿಕ್‌ನಿಂದ. 1987ರ ಮಾರ್ಚ್‌ನಲ್ಲಿ ಎರಡನೆಯ ಪಟ್ಟ ಗೆದ್ದದ್ದು ಯಾರಿಂದ? ಬೋನ್‌ಕ್ರಷರ್ ಸ್ಮಿತ್‌ನಿಂದ. ಇಬ್ಬರೂ ಹೋಮ್ಸ್ ಅದಾಗಲೇ ಸೋಲಿಸಿದ್ದವರು. ಟೈಸನ್ ಹೊಡೆದಾಗ ಅವರು ಚಾಂಪಿಯನ್‌ಗಳು, ಹೋಮ್ಸ್ ಹೊಡೆದಾಗ ಹೆಸರಿಲ್ಲದವರು. ಇದು ಯಾವ ನ್ಯಾಯ?

ಅಲಿಯ ಕಾಲದ ಹೆಸರುಗಳ ಮಾತಿಗೆ ಬರೋಣ. ಫ್ರೇಜಿಯರ್ 1976ರಲ್ಲೇ ಕೈಗವಸು ಕಳಚಿಟ್ಟಿದ್ದ. ಫೋರ್‌ಮನ್ 1977ರಲ್ಲಿ ನಿವೃತ್ತನಾಗಿದ್ದ, ಮರಳಿ ಬಂದದ್ದು ಹತ್ತು ವರ್ಷದ ನಂತರ. ಹೋಮ್ಸ್ ಚಾಂಪಿಯನ್ ಆದಾಗ ಕಣದಲ್ಲಿ ಇಲ್ಲದವರನ್ನು ಅವನು ಎಲ್ಲಿಂದ ಹುಡುಕಿ ತರಬೇಕಿತ್ತು? ಆ ಕಾಲದಿಂದ ಉಳಿದಿದ್ದ ದೊಡ್ಡವರನ್ನಂತೂ ಅವನು ತಪ್ಪಿಸಿಕೊಳ್ಳಲಿಲ್ಲ. ನಾರ್ಟನ್ 1973ರಲ್ಲಿ ಅಲಿಯ ದವಡೆ ಮುರಿದವನು. ಆ ಪಂದ್ಯಕ್ಕೆ ಮುಂಚೆ ತರಬೇತಿಯಲ್ಲಿ ಹೋಮ್ಸ್‌ನ ಎಡತೋಳಿಗೆ ಪೆಟ್ಟಾಗಿತ್ತು. ಅವನ ಮುಖ್ಯ ಅಸ್ತ್ರವೇ ಎಡಗೈಯ ಜ್ಯಾಬ್. ಹದಿನೈದನೆಯ ಸುತ್ತಿನಲ್ಲಿ ಇಬ್ಬರೂ ನಿಲ್ಲಲಾಗದ ಸ್ಥಿತಿಯಲ್ಲಿ ಒಬ್ಬರನ್ನೊಬ್ಬರು ಗುದ್ದುತ್ತಲೇ ಇದ್ದರು. ಇಬ್ಬರು ತೀರ್ಪುಗಾರರು 143-142 ಎಂದು ಹೋಮ್ಸ್‌ಗೆ ಕೊಟ್ಟರೆ, ಮೂರನೆಯವರು ಅದೇ ಅಂಕಗಳನ್ನು ನಾರ್ಟನ್‌ಗೆ ಕೊಟ್ಟರು. ಅಂತರ ಒಂದೇ ಅಂಕ.

ಅರ್ನಿ ಶೇವರ್ಸ್‌ನ ಕಥೆಯೂ ಹಾಗೆಯೇ. 1979ರ ಮಾರ್ಚ್‌ನಲ್ಲಿ ನಾರ್ಟನ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ್ದ ಹೊಡೆತ ಅವನದು. ಅದೇ ಸೆಪ್ಟೆಂಬರ್‌ನಲ್ಲಿ ಅವನ ಬಲಗೈ ಏಟಿಗೆ ಏಳನೇ ಸುತ್ತಿನಲ್ಲಿ ಹೋಮ್ಸ್ ಬೆನ್ನು ಕೆಳಗಾಗಿ ಬಿದ್ದ. ವಿಡಿಯೊ ನೋಡುವಾಗ ಇನ್ನು ಏಳಲಾರ ಎಂದೇ ಅನಿಸುತ್ತದೆ. ಆದರೆ ಎದ್ದ. ಎದ್ದವನು 11ನೇ ಸುತ್ತಿನಲ್ಲಿ ಗೆದ್ದ. ಎದುರಾಳಿಯ ಬಲ ಎಷ್ಟಿತ್ತು ಎಂದು ತಿಳಿಯಲು ಆ ಒಂದು ಸುತ್ತು ನೋಡಿದರೆ ಸಾಕು.

ಅಲಿಯ ಜೊತೆಗಿನ ಪಂದ್ಯವನ್ನು ನಾನು ಹೋಮ್ಸ್‌ನ ಲೆಕ್ಕಕ್ಕೆ ಸೇರಿಸುವುದಿಲ್ಲ. 1980ರ ಅಕ್ಟೋಬರ್‌ನಲ್ಲಿ ಅಲಿಗೆ 38 ವರ್ಷ, ಆರೋಗ್ಯವೂ ಕೈಕೊಟ್ಟಿತ್ತು. ಹತ್ತು ಸುತ್ತುಗಳ ನಂತರ ಅಲಿಯ ತರಬೇತುದಾರರೇ ಪಂದ್ಯ ನಿಲ್ಲಿಸಿದರು. ಹೋಮ್ಸ್ ನಡುನಡುವೆ ರೆಫ್ರಿಯತ್ತ ನೋಡುತ್ತಿದ್ದ, 'ಇನ್ನು ಸಾಕು' ಎನ್ನುವ ಹಾಗೆ. ಗುರುವಿನಂತಿದ್ದವನನ್ನು ಹೊಡೆಯಬೇಕಾದ ಆ ಗೆಲುವಿನಿಂದ ಅವನಿಗೆ ಮರ್ಯಾದೆ ಬರಲಿಲ್ಲ, ಅಭಿಮಾನಿಗಳ ಸಿಟ್ಟು ಬಂತು.

ಜೆರಿ ಕೂನಿ ಪಂದ್ಯದ ಕಥೆ ಬೇರೆ. ಕೂನಿ ಬಿಳಿಯ, ಅಜೇಯ, ನಾರ್ಟನ್‌ನನ್ನು 54 ಸೆಕೆಂಡಿನಲ್ಲಿ ಕೆಡವಿದ್ದವನು. 1982ರ ಜೂನ್‌ನ ಆ ಪಂದ್ಯವನ್ನು ಕರಿಯ-ಬಿಳಿಯರ ಕಾದಾಟ ಎನ್ನುವಂತೆ ಮಾರಿದರು. ರಿಂಗ್‌ನಲ್ಲಿ ಚಾಂಪಿಯನ್ ಹೆಸರನ್ನು ಕೊನೆಗೆ ಕರೆಯುವುದು ರೂಢಿ. ಅಂದು ಚಾಂಪಿಯನ್ ಹೋಮ್ಸ್ ಹೆಸರನ್ನು ಮೊದಲು ಕರೆದು, ಸವಾಲು ಹಾಕಿದವನ ಹೆಸರನ್ನು ಕೊನೆಗೆ ಕರೆದರು. ಹೋಮ್ಸ್ 13ನೇ ಸುತ್ತಿನಲ್ಲಿ ಗೆದ್ದ. ಗೆಲ್ಲುವವರೆಗೂ ಕೂನಿ ಭಯಂಕರ ಹೊಡೆತಗಾರ, ಗೆದ್ದ ಮರುದಿನದಿಂದ 'ಅವನೇನು ಮಹಾ' ಎಂಬ ಮಾತು. ಹೋಮ್ಸ್ ವೃತ್ತಿಜೀವನದ ಉದ್ದಕ್ಕೂ ಆದದ್ದು ಇದೇ.

ಟೀಕಾಕಾರರ ಮಾತಿನಲ್ಲಿ ನಿಜವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಜೋ ಫ್ರೇಜಿಯರ್‌ನ ಮಗ ಮಾರ್ವಿಸ್ 1983ರಲ್ಲಿ ಹೋಮ್ಸ್ ಎದುರು ಬಂದಾಗ ಕೇವಲ 10 ಪಂದ್ಯಗಳ ಅನುಭವದವನು, ಮೊದಲ ಸುತ್ತಿನಲ್ಲೇ ಮುಗಿದ. ಅದನ್ನು ಪಟ್ಟದ ಪಂದ್ಯವೆಂದು ಡಬ್ಲ್ಯುಬಿಸಿ ಒಪ್ಪಲೂ ಇಲ್ಲ. ಗ್ರೆಗ್ ಪೇಜ್, ಪಿಂಕ್ಲನ್ ಥಾಮಸ್ ಜೊತೆ ಹೋಮ್ಸ್ ಆಡಲೇ ಇಲ್ಲ. ದಕ್ಷಿಣ ಆಫ್ರಿಕಾದ ಗೆರಿ ಕುಟ್ಸಿಯಾ ಜೊತೆ 1984ರಲ್ಲಿ ನಡೆಯಬೇಕಿದ್ದ ಪಂದ್ಯ ಮುರಿದುಬಿತ್ತು. ಇವು ಅವನ ದಾಖಲೆಯಲ್ಲಿನ ತೂತುಗಳೇ. ಆದರೆ ಅಲಿಯೂ 1976ರಲ್ಲಿ ಬೆಲ್ಜಿಯಂನ ಜಾನ್ ಪಿಯರ್ ಕೂಪ್‌ಮನ್, ಇಂಗ್ಲೆಂಡ್‌ನ ರಿಚರ್ಡ್ ಡನ್ ಅವರಂಥವರ ಜೊತೆ ಆಡಿದ. ಅಲಿಯನ್ನು ಅಳೆಯುವಾಗ ಯಾರೂ ಕೂಪ್‌ಮನ್ ಹೆಸರು ಎತ್ತುವುದಿಲ್ಲ, ಫೋರ್‌ಮನ್ ಹೆಸರು ಎತ್ತುತ್ತಾರೆ. ಹೋಮ್ಸ್‌ನನ್ನು ಅಳೆಯುವಾಗ ಮಾತ್ರ ಪಟ್ಟಿಯ ಕೆಳಗಿನಿಂದ ಓದಲು ಶುರು ಮಾಡುತ್ತಾರೆ. ಅಳತೆಗೋಲು ಇಬ್ಬರಿಗೂ ಒಂದೇ ಇರಲಿ ಎನ್ನುವುದಷ್ಟೇ ನನ್ನ ವಾದ.

ಅನುಮಾನ ಇನ್ನೂ ಇದ್ದರೆ 1992ರ ಫೆಬ್ರುವರಿ ನೋಡಿ. ರೇ ಮರ್ಸರ್ 1988ರ ಸೋಲ್ ಒಲಿಂಪಿಕ್ಸ್‌ನ ಚಿನ್ನದ ಪದಕ ಗೆದ್ದವನು, ವೃತ್ತಿಪರನಾಗಿ ಅಜೇಯ. ಹೋಮ್ಸ್‌ಗೆ ಆಗ 42 ವರ್ಷ. ನಾಲ್ಕು ವರ್ಷ ಹಿಂದೆ ಟೈಸನ್ ಅವನನ್ನು ನಾಲ್ಕನೇ ಸುತ್ತಿನಲ್ಲಿ ನಾಕ್‌ಔಟ್ ಮಾಡಿದ್ದ, ಎಲ್ಲರೂ ಅವನ ಕಥೆ ಮುಗಿಯಿತು ಎಂದಿದ್ದರು. ಅಂಥವನು ಗೋಡೆಗೆ ಒರಗಿ ನಿಂತಂತೆ ರಿಂಗಿನ ಮೂಲೆಯಲ್ಲಿ ನಿಂತು, ಮರ್ಸರ್‌ಗೆ 12 ಸುತ್ತು ಪಾಠ ಹೇಳಿ ಗೆದ್ದ. ಇದು ಬೇರೆ ಪೀಳಿಗೆಯ ಎದುರಾಳಿ. ಇವನೂ ದುರ್ಬಲನೇ?

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಾಯಕನ ಒಂದು ತಪ್ಪನ್ನೂ ಹೇಳಲೇಬೇಕು. ರಾಕಿ ಮಾರ್ಸಿಯಾನೊ ಒಂದೂ ಸೋಲಿಲ್ಲದೆ 49 ಪಂದ್ಯ ಗೆದ್ದು ನಿವೃತ್ತನಾದವನು. 1985ರ ಸೆಪ್ಟೆಂಬರ್ 21ರಂದು ಹೋಮ್ಸ್ ಗೆದ್ದಿದ್ದರೆ ಆ 49ನ್ನು ಮುಟ್ಟುತ್ತಿದ್ದ. ಮೈಕಲ್ ಸ್ಪಿಂಕ್ಸ್ ಎದುರು ಸೋತ. ಆ ಸಂಕಟದಲ್ಲಿ ಮಾರ್ಸಿಯಾನೊ ತನಗೆ ಸಮನಲ್ಲ ಎನ್ನುವಂಥ ಕೀಳು ಮಾತು ಆಡಿಬಿಟ್ಟ. ಜನ ಅದನ್ನು ಕ್ಷಮಿಸಲಿಲ್ಲ. ಮಾರ್ಸಿಯಾನೊನನ್ನು ಕೂಡ ಟೀಕಾಕಾರರು ಹೊಡೆಯುವುದು ಇದೇ ಕಲ್ಲಿನಿಂದ: 'ಜೋ ಲೂಯಿಗೆ ಆಗ 37 ವರ್ಷ, ವಾಲ್ಕಟ್‌ಗೆ 38, ಮುದುಕರನ್ನು ಹೊಡೆದ.' ಆ ಕಲ್ಲಿನ ಪೆಟ್ಟು ಎಷ್ಟು ನೋಯುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಹೋಮ್ಸ್. ಸೋತ ದಿನ ಅವನೂ ಇನ್ನೊಬ್ಬನನ್ನು ಸಣ್ಣವನು ಮಾಡಲು ಹೋದ. ಅದಕ್ಕೇ ಈ ಚಟ ಎಷ್ಟು ಸುಲಭವಾಗಿ ಅಂಟುತ್ತದೆ ಎಂದು ನನಗೆ ಅರ್ಥವಾದದ್ದು.

ನಮಗೂ ಈ ಮಾತು ಹೊಸದಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಮೊದಲ ಸ್ಥಾನ ಬಂದರೆ, 'ಅಲ್ಲಿ ಕಾಂಪಿಟಿಷನ್ ಯಾರಿದ್ದರು?' ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕರೆ, 'ಆ ವರ್ಷ ಎಲ್ಲರಿಗೂ ಸಿಕ್ಕಿತು.' ಪರೀಕ್ಷೆ ಪಾಸಾದರೆ, 'ಪೇಪರ್ ಸುಲಭ ಇತ್ತು.' ಹೇಳಿಸಿಕೊಂಡಾಗ ಸಿಟ್ಟು ಬರುತ್ತದೆ. ಆದರೆ ನಮ್ಮ ಸೀನಿಯರ್‌ಗಳ ಬಗ್ಗೆ, ಪಕ್ಕದ ಬೆಂಚಿನವರ ಬಗ್ಗೆ ನಾವೂ ಇದನ್ನೇ ಹೇಳಿದ್ದೇವೆ, ನಾನಂತೂ ಹೇಳಿದ್ದೇನೆ. ಯಾವ ವರ್ಷ ಹುಟ್ಟಬೇಕು, ಯಾರ ಜೊತೆ ಪರೀಕ್ಷೆ ಬರೆಯಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಎದುರಿಗೆ ಬಂದವರ ಮುಂದೆ ಹೇಗೆ ನಿಂತೆವು ಎನ್ನುವುದು ನಮ್ಮ ಕೈಯಲ್ಲಿದೆ.

ಹೋಮ್ಸ್ ಒಟ್ಟು 75 ಪಂದ್ಯ ಆಡಿ 69 ಗೆದ್ದ. 2008ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿತು. ಈಗ ರೂಮ್‌ಮೇಟ್‌ಗೆ ಒಂದು ಪ್ರಶ್ನೆ ಸಿದ್ಧವಿದೆ. 'ಹೋಮ್ಸ್ ಯಾರನ್ನ ಹೊಡೆದ' ಎಂದು ಕೇಳಿದೆಯಲ್ಲ, ನಿನ್ನ ಗೋಡೆಯ ಮೇಲಿರುವ ಟೈಸನ್‌ನ ಮೊದಲ ಎರಡು ಪಟ್ಟ ಯಾರವು ಎಂದು ನೀನೇ ಹೇಳು. ಉತ್ತರ ಹೇಳುವವರೆಗೂ ಹೊದಿಕೆ ಕೊಡುವುದಿಲ್ಲ.