ಎಫ್‌ಸಿ ದಿನದ ಸಿಲಿಂಡರ್ ರಾತ್ರಿ ಬಸ್ಸಿನಲ್ಲೂ ಇರಲಿ

ಮಾನ್ಯ ಸಾರಿಗೆ ಆಯುಕ್ತರಿಗೆ,

ಬೆಂಗಳೂರಿನ ಆನಂದರಾವ್ ವೃತ್ತ, ಕಲಾಸಿಪಾಳ್ಯ, ಮಡಿವಾಳಗಳಿಂದ ರಾತ್ರಿ ಹೊರಡುವ ಖಾಸಗಿ ಸ್ಲೀಪರ್ ಬಸ್ಸುಗಳನ್ನು ನಂಬಿ ಊರಿಗೆ ಹೋಗಿಬರುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಆ ಬಸ್ಸುಗಳಲ್ಲಿ ಇರಬೇಕಾದ, ಬೆಂಕಿ ನಂದಿಸುವ ಕೆಂಪು ಸಿಲಿಂಡರಿನ ಬಗ್ಗೆ ತಮಗೆ ಬರೆಯುತ್ತಿದ್ದೇನೆ.

2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಈಗ ತೆಲಂಗಾಣದಲ್ಲಿರುವ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. ಹದಿನೈದೇ ದಿನಕ್ಕೆ ಹಾವೇರಿ ಬಳಿ ಇನ್ನೊಂದು ಬಸ್ಸಿನಲ್ಲಿ ಏಳು ಜನ ಹೋದರು. 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಬಳಿ, ಬೆಂಗಳೂರಿಗೆ ಬರುತ್ತಿದ್ದ ಬಸ್ಸು ತನ್ನಡಿ ಸಿಕ್ಕಿಕೊಂಡ ಬೈಕಿನಿಂದ ಹೊತ್ತಿಕೊಂಡಿತು. ಡೀಸೆಲ್ ಟ್ಯಾಂಕೇ ಒಡೆದ ಪಾಲೆಂನಂಥ ಬೆಂಕಿಯನ್ನು ಒಂದು ಸಿಲಿಂಡರ್ ತಡೆಯುತ್ತಿತ್ತೆಂದು ನಾನು ಹೇಳಲಾರೆ. ಆದರೆ ಎಲ್ಲ ಬೆಂಕಿಯೂ ಹಾಗೆ ಶುರುವಾಗುವುದಿಲ್ಲ. ಇಂಜಿನ್ ಬಳಿ ಸೋರುವ ಎಣ್ಣೆ, ಆಮೇಲೆ ಸೇರಿಸಿದ ದೀಪ-ಚಾರ್ಜರುಗಳ ವೈರು, ಬ್ರೇಕ್ ಹಿಡಿದು ಕಾದ ಚಕ್ರ, ಇವು ಮೊದಲು ಹೊಗೆಯಾಡುತ್ತವೆ. ಆ ಒಂದೆರಡು ನಿಮಿಷ ಎಚ್ಚರವಿರುವವರು ಡ್ರೈವರ್, ಕ್ಲೀನರ್ ಇಬ್ಬರೇ. ಉಳಿದವರೆಲ್ಲ ಪರದೆ ಎಳೆದುಕೊಂಡು ಮಲಗಿರುತ್ತಾರೆ. ಆ ಪರದೆಗೆ, ಫೋಮ್ ಹಾಸಿಗೆಗೆ ಬೆಂಕಿ ತಾಗಿದ ಮೇಲೆ ಸಿಲಿಂಡರಿನಿಂದ ಆಗುವುದೇನೂ ಇಲ್ಲ.

ಹೊಗೆಯಾಡುವ ಆ ಒಂದೆರಡು ನಿಮಿಷದಲ್ಲಿ ಸಿಲಿಂಡರ್ ಎಲ್ಲಿರುತ್ತದೆ? ಡ್ರೈವರ್ ಸೀಟಿನ ಹಿಂದೆ ರಗ್ಗುಗಳ ರಾಶಿಯಡಿ ಇದ್ದದ್ದನ್ನು ನೋಡಿದ್ದೇನೆ. ಡಿಕ್ಕಿಯಲ್ಲಿ ಪಾರ್ಸೆಲ್‌ಗಳ ಕೆಳಗೆ ನೋಡಿದ್ದೇನೆ. ಅಲುಗಾಡಿ ಸದ್ದು ಮಾಡಬಾರದೆಂದು ತಂತಿಯಿಂದ ಬಿಗಿದು ಕಟ್ಟಿದ್ದನ್ನೂ ನೋಡಿದ್ದೇನೆ. ಕಟಿಂಗ್ ಪ್ಲೇಯರ್ ಇಲ್ಲದೆ ಅದು ಕೈಗೆ ಬರುವಂತಿರಲಿಲ್ಲ.

ಕೈಗೆ ಸಿಕ್ಕರೂ ಕೆಲಸ ಮಾಡಬೇಕಲ್ಲ. ಬಸ್ಸುಗಳಲ್ಲಿ ಸಾಮಾನ್ಯವಾಗಿ ಇಡುವುದು ಒಣ ಪುಡಿಯ ಸಿಲಿಂಡರ್. ದಿನವೂ ನೂರಾರು ಕಿಲೋಮೀಟರ್ ಕುಲುಕಿಸಿಕೊಂಡ ಪುಡಿ ತಳದಲ್ಲಿ ಕೂತು ಗಟ್ಟಿಯಾಗಬಹುದು. ಗೇಜಿನ ಮುಳ್ಳು ಹಸಿರಿನಲ್ಲೇ ಇದ್ದರೂ, ಅದು ತೋರಿಸುವುದು ಒಳಗಿನ ಒತ್ತಡವನ್ನು ಮಾತ್ರ. ಒತ್ತಿದರೆ ಪುಡಿ ಬರುವುದೂ ಹೆಚ್ಚೆಂದರೆ ಹತ್ತು-ಹದಿನೈದು ಸೆಕೆಂಡು. ಪಿನ್ ಕೀಳುವುದನ್ನು, ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಹಿಡಿಯುವುದನ್ನು ಆ ಗಾಬರಿಯಲ್ಲೇ ಮೊದಲ ಸಲ ಕಲಿಯಬೇಕಾದವನಿಗೆ ಅಷ್ಟು ಹೊತ್ತು ಸಾಲುವುದಿಲ್ಲ.

ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ತಪಾಸಣೆಯಲ್ಲಿ ಇದನ್ನೆಲ್ಲ ನೋಡುತ್ತೇವೆ ಎನ್ನಬಹುದು. ಬಸ್ಸಿಗೆ ಎಂಟು ವರ್ಷ ತುಂಬುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆ ಒಂದು ದಿನಕ್ಕೆ ಸಿಲಿಂಡರ್ ತೊಳೆದು ಮುಂದೆ ಇಡುವುದು ಕಷ್ಟವೇನಲ್ಲ. ಮೇಲಾಗಿ ಇಲ್ಲಿ ಓಡುವ ಎಷ್ಟೋ ಬಸ್ಸುಗಳು ನಾಗಾಲ್ಯಾಂಡ್, ಅರುಣಾಚಲದಂಥ ಹೊರ ರಾಜ್ಯಗಳ ನೋಂದಣಿಯವು. ಅವುಗಳನ್ನು ತಮ್ಮ ಅಧಿಕಾರಿಗಳು ಎಫ್‌ಸಿಗೆಂದು ನೋಡುವ ಸಂದರ್ಭ ಬರದೆಯೂ ಹೋಗಬಹುದು. ಆದರೆ ಅವೂ ಜನರನ್ನು ಹತ್ತಿಸಿಕೊಳ್ಳುವುದು ಇದೇ ಆನಂದರಾವ್ ವೃತ್ತದಲ್ಲಿ, ಇದೇ ಮಡಿವಾಳದಲ್ಲಿ.

ಆದ್ದರಿಂದ ತಪಾಸಣೆ ಅಲ್ಲೇ ನಡೆಯಲಿ, ಜನ ಹತ್ತುವ ಹೊತ್ತಿನಲ್ಲಿ, ಮುನ್ಸೂಚನೆ ಇಲ್ಲದೆ. ಡ್ರೈವರ್ ಪಕ್ಕ ಒಂದು, ಹಿಂಬದಿಯಲ್ಲಿ ಒಂದು ಸಿಲಿಂಡರ್ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕ್ಲಾಂಪಿನಲ್ಲಿರಲಿ. ಮುಂದಿನ ಸರ್ವೀಸಿನ ದಿನಾಂಕ ಪ್ರಯಾಣಿಕರಿಗೂ ಓದಲು ಬರುವಂತೆ ಕನ್ನಡದಲ್ಲಿರಲಿ. ಹಳೆಯ ಪುಡಿ ತೆಗೆದು ಮರುಭರ್ತಿ ಮಾಡಿಸುವಾಗ ಆ ಪುಡಿ ಹೇಗೂ ವ್ಯರ್ಥವೇ. ಅದನ್ನು ಅಂಗಡಿಯಲ್ಲಿ ಸುರಿಯುವ ಬದಲು, ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಡ್ರೈವರ್, ಕ್ಲೀನರ್‌ಗಳ ಕೈಯಿಂದಲೇ ನಿಜವಾದ ಬೆಂಕಿಯ ಮೇಲೆ ಹೊಡೆಸಿ. ಮಾಲೀಕರಿಗೆ ಇದರಿಂದ ಹೊಸ ಖರ್ಚು ಹೆಚ್ಚೇನೂ ಬರುವುದಿಲ್ಲ.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ತಮ್ಮದೊಂದು ಆದೇಶ, ರಾತ್ರಿ ಪಾಳಿಗೆ ಕೆಲವು ತಂಡಗಳು ಸಾಕು. ಈ ವಾರಾಂತ್ಯದಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ರಾತ್ರಿ ಬಸ್ ಪ್ರಯಾಣಿಕ