ತಿದ್ದದೆ ಬಿಟ್ಟ ದನಿ
ಈ ವಾರ ಐರನ್ ಮೇಡನ್ ತಂಡದ ‘ಲೈವ್ ಆಫ್ಟರ್ ಡೆತ್’ ಆಲ್ಬಂ ಮತ್ತೆ ಕೇಳಿದೆ. ಹೆಚ್ಚಿನ ಪಾಲು 1985ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅರೀನಾದಲ್ಲಿ ಮುದ್ರಿಸಿಕೊಂಡದ್ದು. ಡಬಲ್ ಎಲ್‌ಪಿಯ ಕೊನೆಯ ಬದಿ ಮಾತ್ರ ಹಿಂದಿನ ಅಕ್ಟೋಬರಿನ ಲಂಡನ್ನಿನದು. ಪೋಲೆಂಡಿನಲ್ಲಿ ಶುರುವಾದ ಪ್ರವಾಸಕ್ಕೆ ಲಾಂಗ್ ಬೀಚ್ ಹೊತ್ತಿಗೆ ಆಗಲೇ ಏಳು ತಿಂಗಳು. ಗಾಯಕ ಬ್ರೂಸ್ ಡಿಕಿನ್ಸನ್ ಗಂಟಲು ಎಷ್ಟು ದಣಿದಿತ್ತೋ! ಆದರೂ ಸ್ಟುಡಿಯೋದಲ್ಲಿ ಏನನ್ನೂ ಮತ್ತೆ ಹಾಡಿ, ನುಡಿಸಿ ಸೇರಿಸಕೂಡದೆಂಬುದು ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಹಟ. ಜುದಾಸ್ ಪ್ರೀಸ್ಟ್ ತಂಡದ 1979ರ ಟೋಕಿಯೊ ಧ್ವನಿಮುದ್ರಣಕ್ಕೆ ಅದರ ಗಾಯಕ ರಾಬ್ ಹ್ಯಾಲ್ಫರ್ಡ್ ಸ್ಟುಡಿಯೋದಲ್ಲಿ ಮತ್ತೆ ಹಾಡಿದ್ದರು. ಅದೂ ಅದ್ಭುತವೇ, ಒಪ್ಪುತ್ತೇನೆ. ಆದರೆ ನನಗೆ ಬೇಕಾದದ್ದು ಬೆಳಗಿನ ಜಾವದ ಯಕ್ಷಗಾನ ಭಾಗವತರ ಕಂಠದಂತೆ, ಬಳಲಿದರೂ ಪದ ಬಿಡದ ದನಿ. ಆಲ್ಬಂನ ನಿರ್ಮಾಪಕ ಮಾರ್ಟಿನ್ ಬರ್ಚ್ ಹಿಡಿದುಕೊಟ್ಟದ್ದು ಅದನ್ನೇ. ಎಲ್ಲೋ ಸ್ವರ ಜಾರಿದರೆ ಜಾರಲಿ, ಆ ರಾತ್ರಿ ಅಲ್ಲಿ ನಿಂತವರಿಗೆ ಕೇಳಿಸಿದ್ದೂ ಹಾಗೆಯೇ.